ಗುರುತಿನ ಚೀಟಿಯ ಕೂದಲು

ಬೋಳು ತಲೆಯ ಮೇಲೆ ಕೂದಲು ಬೆಳೆಸುವ ವಿದ್ಯೆ ನನಗೆ ಕರಗತ! ಫೋಟೋ ಸ್ಟುಡಿಯೋ ಇಟ್ಟವನು ನಾನು. ಮೌಸ್ ಹಿಡಿದರೆ ಎಂಥ ಮೈದಾನದಲ್ಲೂ ಕಾಡು ಎಬ್ಬಿಸುತ್ತೇನೆ. ಅಂಗಡಿಯ ಮುಂದೆ ತೂಗಿರುವ ನನ್ನ ಭಾವಚಿತ್ರವೇ ಸಾಕ್ಷಿ. ಅದರಲ್ಲಿ ದಟ್ಟ ಕ್ರಾಪು. ನಿಜದಲ್ಲಿ ನನ್ನ ಹಣೆ ನೆತ್ತಿ ದಾಟಿ ಎಷ್ಟೋ ದೂರ ಹೋಗಿದೆ.

ಟೈಫಾಯಿಡ್ ಬಿಟ್ಟು ಎರಡು ತಿಂಗಳಾದ ಮೇಲೆ ಹೆಂಡತಿಯ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಅವಳು ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚುತ್ತಿದ್ದಳು.

"ನಾನಿರುವಾಗ ಚಿಂತೆ ಯಾಕೆ? ನಾನು ತಲೆಗೆ ಹಚ್ಚೋ ಬಾಟಲಿ ಔಷಧೀನೇ ಹಚ್ಕೋ!"

"ಅದನ್ನ ಹಚ್ಚಿದ್ರೆ ಏನಾಗುತ್ತೆ ಅಂತ ದಿನಾ ನೋಡ್ತಿದ್ದೀನಲ್ಲ. ಬೇಡ."

ಅವಳು ಔಷಧ ಕಾರ್ಖಾನೆಯಲ್ಲಿ ಗುಳಿಗೆ ಪರೀಕ್ಷಿಸುವವಳು. ಜ್ವರದ ರಜೆ ಮುಗಿಯುವ ಹೊತ್ತಿಗೆ ಹೊಸ ಗುರುತಿನ ಚೀಟಿಗೆ ಫೋಟೋ ಕೇಳಿದರು. ನಾನೇ ತೆಗೆದೆ. ಅವಳಿಗೆ ಹೇಳದೆ, ಜ್ವರಕ್ಕೆ ಮುಂಚಿನ ಕೂದಲನ್ನು ಎಳೆಎಳೆಯಾಗಿ ಕೂರಿಸಿದೆ. ಕೈ ಓಡುತ್ತಿತ್ತು, ವಯಸ್ಸನ್ನೂ ಒಂದಿಷ್ಟು ಇಳಿಸಿ ನೇರವಾಗಿ ಕಾರ್ಖಾನೆಗೆ ಕಳಿಸಿಬಿಟ್ಟೆ!

ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೆಲಸಕ್ಕೆ ಹೋದವಳು ತಿಂಡಿಯ ಡಬ್ಬಿ ತೆರೆಯದೆ ವಾಪಸ್ ಬಂದಳು.

"ಏನಾಯ್ತೇ?"

"ಗೇಟಲ್ಲೇ ಚೀಟಿ ಹಂಚ್ತಿದ್ರು. ಹೊಸ ಗಾರ್ಡು ನನ್ನ ಚೀಟಿ ನೋಡಿದ, ನನ್ನ ನೋಡಿದ. 'ಇದು ನಿಮ್ಮ ತಂಗೀದಾ?' ಅಂದ. ಸ್ಕಾರ್ಫ್ ತೆಗೀರಿ ಅಂದ. ಹಿಂದೆ ಸಾಲಲ್ಲಿ ಎಲ್ಲರೂ ನಿಂತಿದ್ರು. ತೆಗೆದೆ. ಆಗಲೂ ಒಳಗೆ ಬಿಡಲಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು.

ಸಂಜೆ ಚರ್ಮದ ಡಾಕ್ಟರ ಬಳಿ ಹೋದೆವು. "ಜ್ವರದಿಂದ ಉದುರಿದ್ದು, ಬೇರು ಗಟ್ಟಿಯಾಗಿದೆ" ಎಂದರು. "ಚೆನ್ನಾಗಿ ಊಟ ಮಾಡಿ, ಕೆಲವು ತಿಂಗಳಲ್ಲಿ ತಾನಾಗೇ ಬರುತ್ತೆ. ಬಿಲ್ಲೆಬಿಲ್ಲೆಯಾಗಿ ಉದುರಿದ್ರೆ ಇಂಜೆಕ್ಷನ್ ಕೊಡ್ತಿದ್ದೆ, ನಿಮಗದು ಬೇಡ."

"ಡಾಕ್ಟ್ರೇ, ನನ್ನದು?"

"ನಿಮ್ಮದು ವಂಶದ್ದು. ಹಚ್ಚೋ ಔಷಧಿ ಮುಖ್ಯವಾಗಿ ಇರೋದನ್ನ ಉಳಿಸುತ್ತೆ..." ಎಂದು ನನ್ನ ತಲೆಯನ್ನು ಒಂದು ಸುತ್ತು ನೋಡಿದರು. "ನಾಟಿ ಮಾಡಬಹುದು. ಆದ್ರೆ ಸಸಿ ಎಲ್ಲಿಂದ ತರೋಣ?"

ಮರುದಿನ ಅವಳು ಸ್ಕಾರ್ಫ್ ಇಲ್ಲದೆ ಕ್ಯಾಮೆರಾ ಮುಂದೆ ಕೂತಳು. "ಒಂದೇ ಒಂದು ಎಳೆ ಸೇರಿಸಿದ್ರೂ ನೋಡಿ!"

ಸೇರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಕ್ಲಿಕ್ಕಿಸಿದೆ. ಆಮೇಲೆ ಅವಳು ಎದ್ದು ಕ್ಯಾಮೆರಾ ಕಸಿದುಕೊಂಡಳು.

"ಈಗ ನೀವು ಕೂತ್ಕೊಳ್ಳಿ."

ದಟ್ಟ ಕ್ರಾಪಿನ ಭಾವಚಿತ್ರ ಕೆಳಗಿಳಿಯಿತು. ಆ ಜಾಗದಲ್ಲಿ ನನ್ನ ನಿಜವಾದ ತಲೆ ಫಳಫಳ ಹೊಳೆಯಿತು.

"ಇದನ್ನ ನೋಡಿದ ಮೇಲೆ ನಮ್ಮ ಸ್ಟುಡಿಯೋಗೆ ಯಾರೇ ಬರ್ತಾರೆ?" ಎಂದು ಗೋಗರೆದೆ.

"ಬರದಿದ್ರೆ ನಮ್ಮ ಕಾರ್ಖಾನೇಲಿ ಕೆಲಸ ಕೇಳಿ. ಈ ಫೋಟೋ ತೋರಿಸಿದ್ರೆ ಗಾರ್ಡು ಕಣ್ಮುಚ್ಚಿ ಒಳಗೆ ಬಿಡ್ತಾನೆ!"