ಬೂಷ್ಟಿನ ಮೇಲೆ ನಾಗೇಂದ್ರನ ದಂಡಯಾತ್ರೆ

ಸೋಮವಾರ ಬೆಳಗಾಗುವಷ್ಟರಲ್ಲಿ ಮನೆಯ ಕಿಟಕಿಯಲ್ಲಿ ಸಾಸಿವೆ ಕಾಳಿನಷ್ಟು ಬೂಷ್ಟು ಕಂಡರೂ ತನ್ನ ಹೆಸರು ನಾಗೇಂದ್ರನೇ ಅಲ್ಲ ಎಂದು ದಟ್ಟಗಳ್ಳಿಯ ನಾಗೇಂದ್ರ ಎದೆ ತಟ್ಟಿ ಹೇಳಿಬಿಟ್ಟ. ತಟ್ಟಿದ್ದು ಅತ್ತೆಗೆ ಕಾಣಲೆಂದು ವಿಡಿಯೋ ಕಾಲಿನ ಫೋನನ್ನು ಸ್ವಲ್ಪ ಕೆಳಗೂ ಇಳಿಸಿದ್ದ!

ಮಗುವಿಗೆ ಐದು ತಿಂಗಳಾಗಿತ್ತು. ಹೆರಿಗೆಗೆಂದು ವಿದ್ಯಾರಣ್ಯಪುರಂನ ತವರಿಗೆ ಹೋದ ಹೆಂಡತಿ ಸುಮಾ ಬಾಣಂತನ ಮುಗಿಯದೆ ಬರುವಂತಿರಲಿಲ್ಲ. ನಡುವೆ ಇದ್ದದ್ದು ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ ಮತ್ತು ಅತ್ತೆ ಶಿವನಂಜಮ್ಮ. ದಾರಿಯನ್ನಾದರೂ ದಾಟಬಹುದಿತ್ತು. ಭಾನುವಾರ ಹೋದರೆ ನಡುಮನೆಯಲ್ಲಿ ಕಾಫಿ, ಬಾಗಿಲ ಸಂದಿಯಲ್ಲಿ ಸುಮಾಳ ಅರ್ಧ ನಗು, ಹತ್ತು ನಿಮಿಷ ಮಗು. ತೊಡೆ ಬೆಚ್ಚಗಾಗುವಷ್ಟರಲ್ಲಿ ನಿದ್ದೆಯ ಟೈಮಾಯಿತೆಂದು ಅತ್ತೆ ಎತ್ತಿಕೊಂಡು ಹೋಗುತ್ತಿದ್ದರು. ಅಂಗಿಗೆ ಹತ್ತಿದ ಬಜೆ, ಸಾಂಬ್ರಾಣಿಯ ವಾಸನೆಯನ್ನೇ ಅವನು ಮನೆಗೆ ತರುತ್ತಿದ್ದ. ಆ ಅಂಗಿಯನ್ನು ಬುಧವಾರದವರೆಗೂ ಒಗೆಯುತ್ತಿರಲಿಲ್ಲ.

ಸೋಮವಾರ ಮಗಳನ್ನೂ ಮೊಮ್ಮಗಳನ್ನೂ ಕಳಿಸಲು ಅತ್ತೆ ಕೊನೆಗೂ ಒಪ್ಪಿದ್ದರು. ಷರತ್ತು ಒಂದೇ: ವಿಡಿಯೋ ಕಾಲಿನಲ್ಲಿ ಕಂಡ, ರೂಮಿನ ಕಿಟಕಿಯ ಕರಿ ಬೂಷ್ಟು ಇರಕೂಡದು.

ಆ ಬೂಷ್ಟನ್ನು ಸಾಕಿದವನೂ ನಾಗೇಂದ್ರನೇ. ಬಾಣಂತಿಗೆ, ಕೂಸಿಗೆ ಗಾಳಿ ಸೋಕಬಾರದೆಂಬ ಅತ್ತೆಯ ಪಾಠವನ್ನು ಅವನು ಎಷ್ಟು ಭಕ್ತಿಯಿಂದ ಕೇಳಿದ್ದನೆಂದರೆ, ಅವರು ಬರುವ ಮೂರು ತಿಂಗಳು ಮೊದಲೇ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಪಂಚೆ ತುರುಕಿ, ಮೇಲೆ ಟೇಪು ಅಂಟಿಸಿ, ಒಳಗೇ ಒದ್ದೆ ಬಟ್ಟೆ ಒಣಗಿಸುತ್ತಿದ್ದ. ಬಾಣಂತನವೆಲ್ಲ ಬೂಷ್ಟಿಗೆ ಆಯಿತು. ಅದು ದಷ್ಟಪುಷ್ಟವಾಗಿ ಬೆಳೆಯಿತು!

ಶನಿವಾರ ಯುದ್ಧ ಶುರು. ಬಕೆಟ್ಟಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಸಾಕೆಂದು ಅಂಗಡಿಯ ಲಿಂಗರಾಜು ಹೇಳಿ ಕಳಿಸಿದ್ದ. ಹೆಂಡತಿ ಮಗುವಿನ ಮೇಲಿನ ಪ್ರೀತಿಯನ್ನು ಚಮಚದಲ್ಲಿ ಅಳೆಯುವುದೇ? ನಾಗೇಂದ್ರ ಇಡೀ ಪೊಟ್ಟಣ ಸುರಿದ. ಬೂಷ್ಟು ಹೋಯಿತು. ಜೊತೆಗೆ ಗೋಡೆಯ ಪಿಸ್ತಾ ಬಣ್ಣ ಹೋಯಿತು, ಅವನ ಪ್ಯಾಂಟಿನ ನೀಲಿಯೂ ಹೋಯಿತು. ಗೋಡೆಗೆ ಡಿಸ್ಟೆಂಪರ್ ತಂದ. ಗೋಡೆ ಹೊಳೆದ ಮೇಲೆ ಕಿಟಕಿಯ ಚೌಕಟ್ಟು ಮಂಕಾಗಿ ಕಂಡಿತು, ಅದಕ್ಕೆ ಎನಾಮಲ್ ಪೇಂಟ್ ತಂದ. ಎಲ್ಲ ಮುಗಿದ ಮೇಲೆ, ಮಗುವಿಗೆ ಗಾಳಿ ಸೋಕಬಾರದಲ್ಲ, ಹಸಿ ಪೇಂಟಿನ ಕಿಟಕಿಯನ್ನು ಭದ್ರವಾಗಿ ಮುಚ್ಚಿದ.

ಭಾನುವಾರ ಸಂಜೆ ಶಿವನಂಜಮ್ಮ ಖುದ್ದಾಗಿ ತಪಾಸಣೆಗೆ ಬಂದರು. ಕಿಟಕಿಯ ಮೂಲೆಮೂಲೆಗೂ ಬೆರಳಾಡಿಸಿದರು. ಒಂದು ಚುಕ್ಕೆಯೂ ಇಲ್ಲ. ಅವರ ಕಣ್ಣಲ್ಲಿ ನೀರು ಬಂತು. ಅಳಿಯನ ಶ್ರದ್ಧೆ ಕಂಡು ಅತ್ತೆ ಕರಗಿದರೆಂದು ನಾಗೇಂದ್ರ ತನ್ನ ಕರ್ಚೀಫು ಮುಂದೆ ಹಿಡಿದ. ಅಷ್ಟರಲ್ಲಿ ಅವರು ಏಳು ಸಲ ಸೀನಿದರು.

ಕಿಟಕಿ ತೆಗೆಯಲು ಹೇಳಿದರು. ನಾಗೇಂದ್ರ ಎಳೆದ. ಪೇಂಟು ಒಣಗಿ ಕಿಟಕಿ ಚೌಕಟ್ಟು ಒಂದಾಗಿದ್ದವು. ಗೋಡೆಗೆ ಕಾಲು ಕೊಟ್ಟು ಎಳೆದ. ಹಿಡಿ ಕೈಗೆ ಬಂತು, ಕಿಟಕಿ ಬರಲಿಲ್ಲ.

"ಬೂಷ್ಟೇ ವಾಸಿಯಾಗಿತ್ತು ಕಣಪ್ಪ," ಎಂದರು ಶಿವನಂಜಮ್ಮ, ಸೆರಗಿನಿಂದ ಮೂಗು ಮುಚ್ಚಿ. "ಈ ಘಾಟಿಗೆ ಕೂಸು ಕರ್ಕೊಂಡ್ಬರಕ್ಕಾಗುತ್ತಾ? ಇನ್ನೊಂದ್ ತಿಂಗ್ಳು ಹೋಗ್ಲಿ ಬುಡಿ."

ನಾಗೇಂದ್ರ ಅತ್ತೆಗೆ ಎಂದೂ ಎದುರು ಮಾತಾಡಿದವನಲ್ಲ. ಅಂದು ಹಿಡಿಯನ್ನು ಕೈಯಲ್ಲಿ ಹಿಡಿದೇ ಮಾತಾಡಿದ.

"ಒಂದ್ ತಿಂಗ್ಳು ನನ್ ಕೈಲಾಗಲ್ಲ ಅತ್ತೆ. ಹೋದ್ ವಾರ ನನ್ನ ನೋಡಿ ಪಾಪು ಅತ್ಬುಡ್ತು. ಯಾರೋ ನೆಂಟ್ರು ಅನ್ಕೊಂಡಿದೆ ನನ್ನ."

ಶಿವನಂಜಮ್ಮ ಮತ್ತೆ ಕಣ್ಣೊರೆಸಿಕೊಂಡರು. ಈ ಸಲ ಅದು ಬ್ಲೀಚಿಂಗ್ ಪೌಡರಿಗೋ ಅಲ್ಲವೋ ಹೇಳುವುದು ಕಷ್ಟ.

"ಹಂಗಾದ್ರೆ ಬಟ್ಟೆ ತಗೊಂಡು ನಡೀರಿ. ಈ ಘಾಟು ಹೋಗೋವರ್ಗೂ ನಮ್ಮನೇಲೇ ಇರಿ. ಅಳಿಯಂದ್ರಿಗೆ ಬಿಂಕ, ಬರಲ್ಲ ಅನ್ಕೊಂಡಿದ್ದೆ. ನೀವೂ ಬಾಯ್ಬಿಟ್ಟು ಕೇಳ್ಲಿಲ್ವಲ್ಲ."

ಐದು ತಿಂಗಳು! ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನಾಗೇಂದ್ರ ತನ್ನನ್ನು ಬೈದುಕೊಳ್ಳುತ್ತಲೇ ಎರಡು ನಿಮಿಷದಲ್ಲಿ ಬ್ಯಾಗು ತುಂಬಿದ.

ಆ ಸಂಜೆ ಮೊದಲ ಬಾರಿಗೆ ಅವನಿಗೆ ಬಾಣಂತಿ ಕೋಣೆಯೊಳಗೆ ಪ್ರವೇಶ ಸಿಕ್ಕಿತು. ಹಾಸಿಗೆಯ ಮೇಲೆ ಸುಮಾ ಇದ್ದಳು, ಪೂರ್ತಿ ನಗುವಿನೊಂದಿಗೆ. ಮಗು ಅವನ ಬೆರಳು ಹಿಡಿಯಿತು, ಅಳಲಿಲ್ಲ. ಆನಂದದಿಂದ ತಲೆಯೆತ್ತಿ ನೋಡಿದರೆ ಎದುರಿಗೇ ಕಿಟಕಿ. ಐದು ತಿಂಗಳಿಂದ ತೆಗೆಯದೆ, ಬಿಸಿನೀರಿನ ಹಬೆ ಕುಡಿದು ಬೆಳೆದ ಬೂಷ್ಟು ಚಾವಣಿಯವರೆಗೆ ಹಬ್ಬಿತ್ತು. ಅದರ ಮುಂದೆ ಅವನ ಮನೆಯದು ಹಸುಗೂಸು.

ಅದು ಸಾಂಬ್ರಾಣಿ ಹೊಗೆಯ ಮಸಿ ಅಷ್ಟೇ ಎಂದು ಅತ್ತೆ ಗಂಭೀರವಾಗಿ ಹೇಳಿದರು. ಆದರೂ ಬೆಳಿಗ್ಗೆ ಕಾಫಿಯ ಹಿಂದೆಯೇ ಒಂದು ಬಕೆಟ್ಟು, ಸೋಪು, ಬಟ್ಟೆ ತಂದಿಟ್ಟರು. ಅಳಿಯಂದಿರಿಗೆ ಕೈ ಪಳಗಿದೆಯಲ್ಲ ಎಂದರು. ನಾಗೇಂದ್ರ ತೋಳು ಮಡಚಿ, ಮಧ್ಯಾಹ್ನದೊಳಗೆ ಈ ಬೂಷ್ಟಿನ ವಂಶವೇ ಇರದಂತೆ ಮಾಡುವುದಾಗಿ ಸಾರಿ ಹೊರಟ.

ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಸುಮಾ ಅಮ್ಮನಿಗೆ ಕೇಳದಂತೆ ಹೇಳಿದಳು:

"ರೀ, ನಿಧಾನಕ್ಕೆ ಉಜ್ಜಿ. ಬೇಗ ಮುಗ್ಸಿದ್ರೆ ಅಮ್ಮ ವಾಪಸ್ ಕಳಿಸ್ಬುಡ್ತಾರೆ."

ಸಂಜೆಯವರೆಗೆ ನಾಗೇಂದ್ರ ಒಂದೇ ಒಂದು ಗಾಜು ಒರೆಸಿದ. ಅದರ ಬೂಷ್ಟೂ ಇನ್ನೂ ಸರಿಯಾಗಿ ಹೋಗಿಲ್ಲವಂತೆ.