ಮೊದಲು ಸತ್ತವರು ಬಜ್ಜಿ ಕರಿಯುವುದು

ಭಾನುವಾರ ಮಧ್ಯಾಹ್ನವಾದರೆ ಹಿಲ್ಸ್‌ಬರೋದ ನಮ್ಮ ಮನೆಯ ಊಟದ ಟೇಬಲ್ ಮೇಲೆ ಯಾರಾದರೊಬ್ಬರು ಸಾಯುತ್ತಲೇ ಇರುತ್ತಾರೆ. ಸಾಯಿಸುವವನು ನಾನು. ವಾರವೆಲ್ಲ ಬ್ರಿಡ್ಜ್‌ವಾಟರ್‌ನ ಆಫೀಸಿನಲ್ಲಿ ಸಾಫ್ಟ್‌ವೇರ್‌ನ ತಪ್ಪು ಹುಡುಕುತ್ತೇನೆ. ಬಿಡುವಿನಲ್ಲಿ ದಾಳ, ಪೆನ್ಸಿಲ್, ಕಾಗದ ಇಟ್ಟುಕೊಂಡು ಆಡುವ ಕಥೆಯಾಟವೊಂದನ್ನು ಕಟ್ಟುತ್ತಿದ್ದೇನೆ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗುತ್ತಾರೆ, ನಾನು ಕಥೆ ನಡೆಸುತ್ತೇನೆ. ಇರುವವರು ಮೂರೇ ಜನ: ನನ್ನ ಹೆಂಡತಿ, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮಗಳು, ಪಕ್ಕದ ಬೀದಿಯ ಡಾಕ್ಟರು. ಡಾಕ್ಟರು ಧಾರವಾಡದ ಕಡೆಯವರು, ಹೃದಯ ತಜ್ಞರು. ಇದೇನೋ ಮಕ್ಕಳಾಟ ಅಂದುಕೊಳ್ಳಬೇಡಿ. ನಾಲ್ಕು ವರ್ಷದಿಂದ ಗಂಭೀರವಾಗಿ ಮಾಡುತ್ತಿದ್ದೇನೆ.

೧. ಹಂಚಿಕೆ

ಪ್ರತಿ ಪಾತ್ರಕ್ಕೂ ಆರು ಗುಣ: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಮಾತುಗಾರಿಕೆ. ಕೈಯಲ್ಲಿ ಮೂವತ್ತು ಅಂಕ, ಬೇಕಾದಂತೆ ಹಂಚಿಕೊಳ್ಳಬಹುದು. ಮಂತ್ರವಾದಿಗೆ ಬುದ್ಧಿಯೊಂದಿದ್ದರೆ ಸಾಕು, ಅವನ ಎಲ್ಲ ಕೆಲಸವೂ ಅದರಿಂದಲೇ ನಡೆಯುತ್ತದೆ. ಕಾವಲುಗಾತಿಗೆ ಹಾಗಲ್ಲ. ಕತ್ತಿ ಬೀಸಲು ಬಲ, ಬಾಣ ತಪ್ಪಿಸಿಕೊಳ್ಳಲು ಚುರುಕು, ಪೆಟ್ಟು ತಡೆಯಲು ತಾಳಿಕೆ, ಹೊಂಚು ಹಾಕಿದವರನ್ನು ಗುರುತಿಸಲು ವಿವೇಕ, ನಾಲ್ಕೂ ಬೇಕು. ಬರೆಯುವಾಗ ನನಗೆ ಇದು ಬಹಳ ಘನವಾದ ಪಾತ್ರ ಅನ್ನಿಸಿತ್ತು. ಅದಕ್ಕೇ ಹೆಂಡತಿಗೆ ಕೊಟ್ಟೆ.

ಅವಳು ಕೂತು ಆರು ಗುಣಕ್ಕೂ ಐದೈದು ಹಂಚಿದಳು. "ಯಾವುದಾದರೂ ಒಂದಕ್ಕೆ ಜಾಸ್ತಿ ಹಾಕು" ಅಂದೆ.

"ಪಂಕ್ತಿಯಲ್ಲಿ ಕೂತವರಿಗೆ ಭೇದ ಮಾಡಬಾರದು ರೀ" ಅಂದಳು. ಮೂರನೇ ಏಟಿಗೆ ಸತ್ತಳು.

ಪಾತ್ರ ಸತ್ತರೆ ಅವರಿಗೆ ಆ ದಿನದ ಆಟ ಮುಗಿಯಿತು, ಸತ್ತವರು ಆಮೇಲೆ ಮಾತಾಡುವ ಹಾಗಿಲ್ಲ ಅಂತ ನಾನೇ ನಿಯಮ ಬರೆದಿದ್ದೆ. ಸುಮ್ಮನೆ ಕೂತೇನು ಮಾಡುವುದು ಅಂತ ಅಡುಗೆಮನೆಗೆ ಹೋಗಿ ಬಜ್ಜಿ ಕರಿದಳು. ಮುಂದಿನ ವಾರವೂ ಹಾಗೇ, ಅದರ ಮುಂದಿನ ವಾರವೂ ಹಾಗೇ. ಮೊದಲು ಸತ್ತವರು ಬಜ್ಜಿ ಕರಿಯುವುದು ಅಂತ ಪದ್ಧತಿಯೇ ಆಗಿಹೋಯಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಆಟ ಸರಾಗವಾಗಿ ಸಾಗುತ್ತಿದೆ. ಟೇಬಲ್‌ನಲ್ಲಿ ಯಾರದ್ದೂ ದೂರಿಲ್ಲ." ದೂರು ಹೇಳಬೇಕಾದವಳು ಒಳಗೆ ಎಣ್ಣೆ ಕಾಯಿಸುತ್ತಿದ್ದಳು.

೨. ಹೊತ್ತವರು

ಡಾಕ್ಟರು ಮಂತ್ರವಾದಿ. ಬುದ್ಧಿಗೆ ಇಪ್ಪತ್ತೈದು ಸುರಿದು, ಮಿಕ್ಕ ಐದು ಗುಣಕ್ಕೆ ಒಂದೊಂದು ಭಿಕ್ಷೆ ಹಾಕಿದ್ದರು. ಆ ವಾರದ ಕಥೆಯಲ್ಲಿ ದರೋಡೆಕೋರರು ಅಡಗಿದ್ದ ಕೋಟೆಯ ಬುರುಜು ಹತ್ತಬೇಕಿತ್ತು. ಹದಿನೈದನೇ ಮೆಟ್ಟಿಲಿಗೇ ಮಂತ್ರವಾದಿಗೆ ಏದುಸಿರು. ಸಿಕ್ಕಿದವರಿಗೆಲ್ಲ "ದಿನಾ ನಡೀರಿ, ನಡೀರಿ" ಅಂತ ಬುದ್ಧಿ ಹೇಳುವ ಡಾಕ್ಟರು ಕೈಚೆಲ್ಲಿ ಕೂತರು.

"ವೈನಿ, ನನ್ನ ಒಂದಿಷ್ಟು ಹೊತ್ಕೊಂಡು ಹೋಗ್ರೀ."

ನನ್ನ ಹೆಂಡತಿಯ ಕಾವಲುಗಾತಿ ಅವರನ್ನು ಬೆನ್ನ ಮೇಲೆ ಹೊತ್ತು ಹತ್ತಿದಳು. ಎರಡೂ ಕೈ ಡಾಕ್ಟರ ಕಾಲು ಹಿಡಿದಿದ್ದರಿಂದ ಗುರಾಣಿ ಎತ್ತಲು ಆಗಲಿಲ್ಲ. ತುದಿ ತಲುಪಿದಾಗ ಬಾಣ ನಾಟಿತು. ಅವಳು ಬೀಳುವ ಮೊದಲೇ ಡಾಕ್ಟರು ಬೆನ್ನ ಮೇಲಿಂದಲೇ ಒಂದು ಮಂತ್ರ ಹೇಳಿ ಹನ್ನೊಂದು ದರೋಡೆಕೋರರನ್ನು ಸುಟ್ಟರು. ಎಲ್ಲರೂ ಡಾಕ್ಟರಿಗೆ ಚಪ್ಪಾಳೆ ತಟ್ಟಿದೆವು. ಸ್ವಲ್ಪ ಹೊತ್ತಿಗೆ ಬಜ್ಜಿ ಬಂತು. ಡಾಕ್ಟರು ಎರಡು ತಿಂದು, ಮೂರನೆಯದು ಕೈಯಲ್ಲಿ ಹಿಡಿದು, "ವೈನಿ, ನೀವು ಸ್ವಲ್ಪ ಹುಷಾರಾಗಿ ಆಡ್ಬೇಕ್ರೀ" ಅಂದರು.

೩. ಸಹಾಯ

ನಾನೇನು ಕಲ್ಲಲ್ಲ. ಕಾವಲುಗಾತಿಯನ್ನು ಗಟ್ಟಿ ಮಾಡಲೇಬೇಕು ಅಂತ ಕೂತೆ. ಬಹಳ ಯೋಚಿಸಿ ಅವಳಿಗೊಂದು ಹೊಸ ಶಕ್ತಿ ಕೊಟ್ಟೆ: ಗಾಯಗೊಂಡವರಿಗೆ ಧೈರ್ಯ ಹೇಳಿ ಎಬ್ಬಿಸಬಹುದು. ಅದಕ್ಕೆ ಮಾತುಗಾರಿಕೆ ಚೆನ್ನಾಗಿರಬೇಕು, ಅಷ್ಟೇ. ಎಲ್ಲರೆದುರು ಓದಿ ಹೇಳಿದೆ.

ಮಗಳು ತಲೆ ಎತ್ತದೆ, "ಅಪ್ಪ, ನಾಲ್ಕಿತ್ತು, ಐದಾಯ್ತು. ಯು ಜಸ್ಟ್ ಗೇವ್ ಹರ್ ಮೋರ್ ವರ್ಕ್" ಅಂದಳು.

ಹೆಂಡತಿ ತನ್ನ ಹಾಳೆ ಮಡಚಿಟ್ಟಳು. ದನಿ ಏರಿಸಲಿಲ್ಲ. "ಕ್ರ್ಯಾನ್‌ಬರಿ ವೇರ್‌ಹೌಸಲ್ಲಿ ವಾರವೆಲ್ಲ ಟ್ರಕ್‌ಗೆ ಮಾಲು ಹತ್ತಿಸ್ತೀನಿ, ಡ್ರೈವರ್‌ಗಳ ಹತ್ರ ಬಡ್ಕೋತೀನಿ, ಬಂದು ಮನೇನೂ ನೋಡ್ತೀನಿ. ಈ ದಾಳ, ಕತ್ತಿ, ಯಾವುದರ ಹುಚ್ಚೂ ನನಗಿಲ್ಲ ರೀ. ಭಾನುವಾರ ಎರಡು ಗಂಟೆ ನಿಮ್ಮ ಜೊತೆ ಕೂರೋಣ ಅಂತ ಬರ್ತೀನಿ. ಹತ್ತು ನಿಮಿಷಕ್ಕೇ ಒಳಗೆ ಕಳಿಸ್ತೀರಿ. ಇನ್ನೊಂದು ಸಲ ನಾನೇ ಮೊದಲು ಸತ್ತರೆ ಈ ಟೇಬಲ್‌ಗೆ ಬರಲ್ಲ."

ನನಗೆ ನಾಚಿಕೆಯಾಯಿತು. ನಾಲ್ಕು ವರ್ಷ ಅಂಕ ತೂಗಿ ತೂಗಿ ನೋಡಿದವನಿಗೆ ಎದುರಿನ ಕುರ್ಚಿ ಖಾಲಿ ಇದ್ದದ್ದು ಕಂಡಿರಲಿಲ್ಲ. ಹೆಂಡತಿ ಇಲ್ಲದ ಮೇಲೆ ಈ ಆಟ ಯಾರಿಗೆ ಬೇಕು? ಡಾಕ್ಟರು ಕನ್ನಡಕ ಒರೆಸುತ್ತ ಕೇಳಿದರು, "ಹಂಗಾರ, ಮುಂದಿನ ವಾರ ಬಜ್ಜಿ ಇರಂಗಿಲ್ಲೇನ್ರೀ?"

೪. ತಿದ್ದುಪಡಿ

ಆ ವಾರ ಊಟದ ಬಿಡುವಿನಲ್ಲೆಲ್ಲ ನಿಯಮ ತಿದ್ದಿದೆ. ಕಾವಲುಗಾತಿಗೆ ಇನ್ನು ಬಲ, ತಾಳಿಕೆ ಎರಡೇ ಸಾಕು. ಮಂತ್ರವಾದಿಗೆ ಮಂತ್ರ ನೆನಪಾಗಲು ಬುದ್ಧಿ ಬೇಕು, ಅದರ ಕಾವು ತಡೆಯಲು ತಾಳಿಕೆ ಬೇಕು, ಗುರಿ ತಪ್ಪದಿರಲು ವಿವೇಕ ಬೇಕು. ಹಾಳೆಯನ್ನು ಹೆಂಡತಿಯ ಮುಂದಿಟ್ಟೆ. ಟ್ರಕ್ಕಿನ ಕಾಗದ ನೋಡುವ ಹಾಗೆ ಸಾಲು ಸಾಲಾಗಿ ನೋಡಿ, ಕೆಳಗೆ ಸಹಿ ಹಾಕಿದಳು.

ಹೊಸ ಮಂತ್ರವಾದಿಯಾಗಲು ಡಾಕ್ಟರು ಒಪ್ಪಲಿಲ್ಲ, ಬಿಲ್ಲು ಹಿಡಿದರು. ಮಗಳು ಕಥೆ ನಡೆಸಲು ಕೂತಳು. ಹಾಗಾಗಿ ಮಂತ್ರವಾದಿ ನಾನಾದೆ. ಅಂಕ ಹಂಚುವಾಗ ಕೈ ತನ್ನಷ್ಟಕ್ಕೆ ಇಪ್ಪತ್ತೈದನ್ನು ಬುದ್ಧಿಗೆ ಹಾಕಿತು. ವಾರವೆಲ್ಲ ಕೂತು ನಿಯಮ ತಿದ್ದಿದವನೂ ನಾನೇ.

ಮೊದಲ ಬಾಗಿಲಲ್ಲಿ ಇಬ್ಬರು ಕಳ್ಳರು. ಬೆಂಕಿಯ ಮಂತ್ರ ಹೇಳಿದೆ. ದಾಳ ಚೆನ್ನಾಗಿ ಬಿತ್ತು, ಒಂದಕ್ಷರ ತಪ್ಪದೆ ನೆನಪಾಯಿತು. "ನೌ ತಾಳಿಕೆ" ಅಂದಳು ಮಗಳು. ಎಸೆದೆ. ತಾಳಿಕೆಗೆ ಇದ್ದದ್ದು ಒಂದೇ ಅಂಕ, ಮಂತ್ರ ನನ್ನನ್ನೇ ಸುಟ್ಟುಹಾಕಿತು. ಕಳ್ಳರ ಮೀಸೆಯೂ ಕಮರಲಿಲ್ಲ. ಆಟ ಶುರುವಾಗಿ ಆರು ನಿಮಿಷವೂ ಆಗಿರಲಿಲ್ಲ.

ನಾನು ಎದ್ದು ಅಡುಗೆಮನೆಗೆ ಹೋಗಿ ಎಣ್ಣೆ ಕಾಯಲಿಟ್ಟೆ. ಆಚೆ ದಾಳ ಉರುಳುತ್ತಿತ್ತು, ಕಾವಲುಗಾತಿ ಬಾಗಿಲು ಒಡೆದಳು, ಎಲ್ಲರಿಗಿಂತ ಜೋರಾಗಿ ನನ್ನ ಹೆಂಡತಿಯೇ ನಗುತ್ತಿದ್ದಳು. ಆ ನಗು ಕೇಳಿ ಎಷ್ಟು ಖುಷಿಯಾಯಿತು ಅಂದರೆ ಎಣ್ಣೆ ಹೊಗೆಯಾಡುವವರೆಗೂ ಸುಮ್ಮನೆ ನಿಂತಿದ್ದೆ. ಆಮೇಲೆ ಕಪಾಟು ತೆಗೆದರೆ ಒಂದೇ ಥರದ ಐದು ಡಬ್ಬ, ಐದರಲ್ಲೂ ಹಿಟ್ಟು.

"ಲೇ, ಕಡಲೆಹಿಟ್ಟು ಯಾವುದೇ?" ಅಂತ ಕೂಗಿದೆ.

"ಸತ್ತವರು ಮಾತಾಡೋ ಹಾಗಿಲ್ಲ ರೀ" ಅಂದಳು ಅಲ್ಲಿಂದಲೇ. "ನೀವೇ ಬರೆದಿರೋದು."