ಮಾತು ಕೇಳದ ಎಂಜಿನ್

ಎಮ್ಮೆ ಉಜ್ಜುವ ಹುಲ್ಲಿನಿಂದಲೇ ಅಳಗರ್ ಕಾರಿನ ಚಕ್ರ ಉಜ್ಜುತ್ತಿದ್ದ. ಕಾರು ಅವನದಲ್ಲ, ದಿಂಡಿಗಲ್ಲಿನ ಬಾಮೈದ ವಿಘ್ನೇಶ್ವರನದು. ಪೊಂಗಲ್‌ಗೆ ಕೊಂಬೈಗೆ ಬಂದವನು ಅದನ್ನು ಓಡಿಸಿ ನೋಡಲು ಭಾವನಿಗೆ ಬಿಟ್ಟು, ಬೇಕೋ ಬೇಡವೋ ಕಾಗದ ಬರೆದು ತಿಳಿಸಿ, ನಿಮ್ಮ ಬಾಯಿಮಾತು ನಿಲ್ಲುವುದಿಲ್ಲ, ಬರೆದದ್ದೇ ಕೊನೆ ಎಂದು ಹೇಳಿ ಹೋಗಿದ್ದ.

ಪಂಗುನಿ ತಿಂಗಳ ಬಿಸಿಲು ಬಂದರೂ ಅಳಗರ್ ಬರೆದಿರಲಿಲ್ಲ. ಕಾರೆಂದರೆ ಪ್ರಾಣವೇ. ಆದರೆ ಗಾಡಿ ನಿಂತಲ್ಲಿ ಎಂಜಿನ್ ಒಂದು ಹದದಲ್ಲಿ ಓಡುತ್ತಿರಲಿಲ್ಲ. ಒಮ್ಮೆ ಬೆಕ್ಕಿನಂತೆ ಗುರುಗುಟ್ಟಿದರೆ ಇನ್ನೊಮ್ಮೆ ತಾನಾಗಿಯೇ ಏರುತ್ತಿತ್ತು. ಇವತ್ತು ಇದೊಂದು ಸರಿಯಾದರೆ ‘ಬೇಕು’ ಎಂದು ಬರೆದೇಬಿಡುವುದೆಂದು ಚಾವಿ ತಿರುಗಿಸಿದ.

ಎಂಜಿನ್ ಸದ್ದು ಕೇಳಿದ್ದೇ ಅತ್ತೆ ಓಚ್ಚಮ್ಮಾಳ್ ಎಂದಿನಂತೆ ಬಂದು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಮುಚ್ಚಿಕೊಂಡರು. ಪಕ್ಕದ ಮನೆಯ ಪಂಪ್‌ಸೆಟ್ ಮೆಕ್ಯಾನಿಕ್ ಕರುಪ್ಪಸಾಮಿ ಕರೆಯದೆಯೇ ತಿರುಪುಳಿ ಹಿಡಿದು ಬಂದ. ಬಾನೆಟ್ ಎತ್ತಿದವನ ಮುಖ, ಕೋಳಿ ಕೊಯ್ದರೆ ಒಳಗೆ ಈಲಿಯೇ ಸಿಗದವನಂತಾಯಿತು.

“ಅಣ್ಣೇ, ಇದ್ರಾಗೆ ಕಾರ್ಬುರೇಟರೇ ಇಲ್ಲವಲ್ಲ.”

“ಇಂಜೆಕ್ಷನ್ ವಂಡಿ ಅಪ್ಪಾ ಇದು. ಕಂಪ್ಯೂಟರ್ ಐತಂತೆ.”

“ಇರ್ಲಿ. ಅದಕ್ಕೂ ಒಂದು ಸ್ಕ್ರೂ ಇರ್ದೆ ಹೋಗ್ತದಾ?”

ಹುಡುಕಿ ಒಂದನ್ನು ಹಿಡಿದ. ಏರಿಸಲು ತಿರುಗಿಸಿದರೆ ಎಂಜಿನ್ ಇಳಿಯಿತು. ಇಳಿಸಲು ಹೋದರೆ ಏರಿತು. ನೀರಿಗೆ ಹೊರಟಿದ್ದ ಎದುರು ಮನೆಯ ಕಣ್ಣಮ್ಮಾಳ್ ಕೊಡ ಇಳಿಸಿ, ಇದು ಥೇಟ್ ತನ್ನ ಸೊಸೆಯೇ, ಬೇಕಾದ್ದಕ್ಕೆ ಉಲ್ಟಾ ಹೇಳಿ ನೋಡಿ ಎಂದಳು. ಕರುಪ್ಪಸಾಮಿ ಉಲ್ಟಾ ತಿರುಗಿಸಿದ. ಒಂದು ಸಲ ಕೇಳಿತು, ಮರುಸಲ ಅದೂ ಇಲ್ಲ. ರೋಸಿಹೋಗಿ ಸ್ಕ್ರೂವನ್ನು ಕೊನೆತನಕ ಬಿಗಿದ. ಎಂಜಿನ್ ಎರಡು ಸಲ ಕೆಮ್ಮಿ ಆರಿಹೋಯಿತು.

ಜಗಲಿಯಲ್ಲಿದ್ದ ಹೆಂಡತಿ ನಾಗಮ್ಮಾಳ್ ಎದ್ದು ಇನ್ಲ್ಯಾಂಡ್ ಲೆಟರನ್ನೂ ಪೆನ್ನನ್ನೂ ತಂದು ಗಂಡನ ಕೈಗಿಟ್ಟಳು.

“ಬೇಡಾಂತ ಬರೀರಿ. ನಾಳೆ ಮಲೆ ರೋಡಲ್ಲಿ ಇಂಗೆ ನಿಂತ್ರೆ ಯಾರು ನೂಕೋದು?”

ಅಳಗರ್ ಹೆಣ್ಣು ಒಪ್ಪಿಸಿಕೊಡುವ ತಂದೆಯಂತೆ ಮೂಗೊರೆಸಿಕೊಂಡು ‘ಬೇಡ’ ಎಂದು ಬರೆದು ಅಂಟಿಸಿದ. ಮಾಡಿದ ಕೆಲಸಕ್ಕೆ ನಾಚಿದ್ದ ಕರುಪ್ಪಸಾಮಿ, ಸ್ಕ್ರೂ ಮೊದಲಿದ್ದಂತೆ ತಿರುಗಿಸಿ, ಟಪಾಲಾದರೂ ನೆಟ್ಟಗೆ ಹಾಕುತ್ತೇನೆಂದು ಕಾಗದ ಕಸಿದುಕೊಂಡು ಮೊಪೆಡ್ ಹತ್ತಿದ.

ಆಗ ಕಾರಿನ ಬಾಗಿಲು ತೆರೆಯಿತು. ಓಚ್ಚಮ್ಮಾಳ್ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಇಳಿದರು.

“ಯಾಕೆ ಅಳಿಯಾ ನಿಲ್ಸಿಬಿಟ್ರಿ? ಈಗಷ್ಟೇ ಜಿಲ್ಲುಂತ ಗಾಳಿ ಬರ್ತಿತ್ತು.”

“ಯಾವ ಗಾಳಿ ಅತ್ತೆ?”

“ರಂಗೋಲಿ ಚಿತ್ರದ ಬಟನ್ ಐತಲ್ಲ, ಅದು. ಒತ್ತಿದ್ರೆ ವಂಡಿ ಒಂದ್ಸಲ ಉಸ್ರು ಎಳ್ಕೊಂಡು ಏರ್ತದೆ, ಗಾಳಿ ಬರ್ತದೆ. ಚಳಿ ಆದ್ರೆ ಆರಿಸ್ತೀನಿ, ಸೆಕೆ ಆದ್ರೆ ತಿರುಗ ಒತ್ತುತೀನಿ. ಏಸಿ ಹಾಕಿದ್ರೆ ಪೆಟ್ರೋಲ್ ಕುಡೀತದೆ ಅಂತ ನೀವು ಗೊಣಗ್ತೀರಲ್ಲ, ಅದಕ್ಕೇ ಹೇಳ್ಲಿಲ್ಲ.”

ಅಳಗರ್ ಚಾವಿ ತಿರುಗಿಸಿದ. ಎಂಜಿನ್ ಮೆಲ್ಲಗೆ ಗುರುಗುಟ್ಟಿತು. ರಂಗೋಲಿ ಒತ್ತಿದ, ಏರಿತು. ಮತ್ತೆ ಒತ್ತಿದ, ಇಳಿಯಿತು. ಕಾರು ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ ಅಂಚೆ ಕಚೇರಿಗೆ ಓಡಿದ.

ಕರುಪ್ಪಸಾಮಿ ಎದುರಿಗೇ ಸಿಕ್ಕ, ಮುಖವೆಲ್ಲ ನಗೆ.

“ಡಬ್ಬಿಗೆ ಹಾಕಿದ್ರೆ ನಾಳೆಗೆ ಹೋಗ್ತಿತ್ತು ಅಣ್ಣೇ. ಚೀಲಕ್ಕೆ ಸೀಲ್ ಹಾಕ್ತಿದ್ರು, ಕೈಕಾಲು ಹಿಡಿದು ಒಳಗೆ ಸೇರಿಸ್ದೆ.”

ಅವನ ಬೆನ್ನ ಹಿಂದೆ, ಟಪಾಲು ಚೀಲ ಹೊತ್ತ ತೇನಿ ಬಸ್ಸು ಹಾರ್ನ್ ಹಾಕಿ ಹೊರಟಿತು.